ಬಿಸಿಲ ನಾಡಿನ ಕೈತೋಟದಲ್ಲಿ ನಿತ್ಯಹಸಿರು ಗಿಡಮರಗಳನ್ನು ಬೆಳೆಸುವ ಕ್ರಮ

ನಿತ್ಯಹಸಿರು ಗಿಡಮರಗಳೂ ಎಲೆ ಉದುರಿಸುತ್ತವೆ. ಹಳೆಯ ಎಲೆ ಉದುರುವ ಹೊತ್ತಿಗೆ ಹೊಸ ಎಲೆ ಬಂದಿರುತ್ತದೆಯಾದ್ದರಿಂದ ಕೊಂಬೆ ಬೋಳಾಗಿ ನಿಲ್ಲುವುದಿಲ್ಲ, ಅಷ್ಟೇ ವ್ಯತ್ಯಾಸ. ಕರ್ನಾಟಕದ ಬಯಲುಸೀಮೆಯಲ್ಲಿ ಇಂಥ ಗಿಡಗಳು ಚಳಿಗೆ ಸಾಯುವುದಿಲ್ಲ. ಅವು ಸಾಯುವುದು ಫೆಬ್ರುವರಿಯ ಕೊನೆಯಿಂದ ಮೊದಲ ದೊಡ್ಡ ಮಳೆ ಬೀಳುವವರೆಗಿನ ಒಣಹವೆಗೆ. ಎಲೆ ಉದುರುವ ಜಾತಿಯ ಮರ ಆ ದಿನಗಳಲ್ಲಿ ಎಲೆ ಕಳಚಿ ನೀರಿನ ಖರ್ಚನ್ನು ತಗ್ಗಿಸಿಕೊಳ್ಳುತ್ತದೆ. ನಿತ್ಯಹಸಿರು ಗಿಡಕ್ಕೆ ಆ ಅನುಕೂಲವಿಲ್ಲ, ಮೈತುಂಬ ಎಲೆ ಹೊತ್ತೇ ಅದು ಬೇಸಿಗೆಯನ್ನು ದಾಟಬೇಕು. ಹೀಗಾಗಿ ಬೇರು ಆಳಕ್ಕೆ ಇಳಿದಿದ್ದರೆ ಮಾತ್ರ ಗಿಡ ಉಳಿಯುತ್ತದೆ. ಮೊದಲ ಎರಡು ಬೇಸಿಗೆಗಳನ್ನು ದಾಟಿಸಿದರೆ ಮುಂದಿನ ಆರೈಕೆ ಕಷ್ಟವಲ್ಲ. ಈ ಲೇಖನದಲ್ಲಿ ಹೇಳಿರುವ ಬಹುಪಾಲು ಕೆಲಸಗಳು ಆ ಎರಡು ಬೇಸಿಗೆಗಳನ್ನು ಮುಂದಿಟ್ಟುಕೊಂಡೇ ಮಾಡುವಂಥವು.

ಜಾಗವನ್ನೂ ಮಣ್ಣನ್ನೂ ನೋಡಿಕೊಳ್ಳುವುದು

ಗಿಡ ಕೊಳ್ಳುವ ಮೊದಲು ಅಂಗಳದಲ್ಲಿ ಬಿಸಿಲು ಎಲ್ಲಿ, ಎಷ್ಟು ಹೊತ್ತು ಬೀಳುತ್ತದೆ ಎಂಬುದನ್ನು ಗಮನಿಸಬೇಕು. ಬೆಳಗಿನ ಬಿಸಿಲನ್ನು ಎಲ್ಲ ಗಿಡಗಳೂ ಸಹಿಸುತ್ತವೆ. ಪಶ್ಚಿಮದ ಗೋಡೆಗೆ ತಾಗಿದ ಜಾಗದಲ್ಲಿ ಮಧ್ಯಾಹ್ನ ಮೂರರಿಂದ ಐದರವರೆಗೆ ಬೀಳುವ ಬಿಸಿಲು ಮತ್ತು ಗೋಡೆಯಿಂದ ಮರಳಿ ಹೊಮ್ಮುವ ಕಾವು ಎರಡೂ ಸೇರಿ ಮೃದುವಾದ ಎಲೆಯ ಗಿಡಗಳನ್ನು ಸುಡುತ್ತವೆ. ಆ ಬದಿಗೆ ಗಟ್ಟಿ ಎಲೆಯ ಜಾತಿಗಳನ್ನೇ ಆರಿಸಬೇಕು.

ನೀರು ಬಸಿಯುವ ಬಗೆಯನ್ನು ಪರೀಕ್ಷಿಸುವುದು ಸುಲಭ. ಒಂದೂವರೆ ಅಡಿ ಆಳದ ಗುಂಡಿ ತೋಡಿ, ನೀರು ತುಂಬಿ ಇಂಗಲು ಬಿಟ್ಟು, ಮತ್ತೊಮ್ಮೆ ತುಂಬಬೇಕು. ಎರಡನೆಯ ಸಲದ ನೀರು ಕೆಲವು ಗಂಟೆಗಳಲ್ಲಿ ಇಂಗಿದರೆ ಚಿಂತೆಯಿಲ್ಲ. ಮರುದಿನ ಬೆಳಗ್ಗೆಯೂ ನಿಂತಿದ್ದರೆ ಅಲ್ಲಿ ಗುಂಡಿಯೊಳಗೆ ನೆಡುವ ಬದಲು ನೆಲದಿಂದ ಮುಕ್ಕಾಲು ಅಡಿಯಷ್ಟು ಮಣ್ಣು ಏರಿಸಿ ದಿಬ್ಬ ಮಾಡಿ ನೆಡಬೇಕು. ಉತ್ತರ ಕರ್ನಾಟಕದ ಎರೆ ಮಣ್ಣಿನಲ್ಲಿ ಇದು ಹೆಚ್ಚುಕಡಿಮೆ ಕಡ್ಡಾಯ. ಕೋಲಾರ, ತುಮಕೂರು, ಬೆಂಗಳೂರಿನ ಕೆಂಪು ಮಣ್ಣಿನಲ್ಲಿ ಸಮಸ್ಯೆ ತಿರುಗುಮುರುಗಾಗಿರುತ್ತದೆ: ನೀರು ಬೇಗ ಇಂಗುತ್ತದೆ, ತೇವ ಉಳಿಯುವುದಿಲ್ಲ, ಬೇಸಿಗೆಯಲ್ಲಿ ಮೇಲ್ಮಣ್ಣು ಹಾರೆಗೂ ಜಗ್ಗದಷ್ಟು ಗಡುಸಾಗುತ್ತದೆ. ಎರಡೂ ಬಗೆಯ ಮಣ್ಣಿಗೆ ಮದ್ದು ಒಂದೇ, ಅದು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎಲೆಗೊಬ್ಬರ.

ಹೊಸದಾಗಿ ಕಟ್ಟಿದ ಮನೆಯಾದರೆ ಇನ್ನೊಂದು ಪರೀಕ್ಷೆ ಬೇಕು. ಕಾಂಪೌಂಡಿನ ಪಕ್ಕದ ಮಣ್ಣನ್ನು ಅಗೆದು ನೋಡಿದರೆ ಅರ್ಧ ಅಡಿಯ ಕೆಳಗೆ ಸಿಮೆಂಟ್ ಗಾರೆಯ ಚೂರು, ಇಟ್ಟಿಗೆ ತುಂಡು, ಸುಣ್ಣದ ಪುಡಿ ಸಿಗುವುದು ಸಾಮಾನ್ಯ. ಕೆಲಸಗಾರರು ಉಳಿದದ್ದನ್ನೆಲ್ಲ ಅಲ್ಲಿಯೇ ಹೂತು ಮೇಲೊಂದಿಷ್ಟು ಕೆಂಪು ಮಣ್ಣು ಹರಡಿ ಹೋಗಿರುತ್ತಾರೆ. ಇದನ್ನು ಪೂರ್ತಿ ತೆಗೆಸದೆ ಅಲ್ಲಿ ಕೇಪಳ ನೆಟ್ಟರೆ ಏನಾಗುತ್ತದೆ ಎಂಬುದನ್ನು ಮುಂದೆ ಹೇಳಲಾಗಿದೆ.

ಯಾವ ಗಿಡ, ಯಾವ ಮರ

30×40 ಅಡಿಯ ಸೈಟಿನಲ್ಲಿ ಮನೆ ಕಟ್ಟಿದ ಮೇಲೆ ಉಳಿಯುವುದು ಮೂರು ನಾಲ್ಕು ಅಡಿ ಅಗಲದ ಪಟ್ಟಿ. ಅಲ್ಲಿ ದೊಡ್ಡ ಮರದ ಆಸೆ ಬೇಡ; ಪೊದೆಗಿಡಗಳೇ ಸರಿ. ಕೇಪಳ, ನಂದಿಬಟ್ಟಲು, ಕಾಮಿನಿ, ದಾಸವಾಳ ಇವು ನಾಲ್ಕೂ ವರ್ಷವಿಡೀ ಎಲೆ ಉಳಿಸಿಕೊಂಡು ಹೂವನ್ನೂ ಕೊಡುತ್ತವೆ. ನನ್ನ ಅಭಿಪ್ರಾಯದಲ್ಲಿ ಇವುಗಳಲ್ಲಿ ಅತ್ಯಂತ ಕಡಿಮೆ ಬೇಡಿಕೆಯ ಗಿಡ ನಂದಿಬಟ್ಟಲು: ಅರೆನೆರಳಿನಲ್ಲಿಯೂ ಬೆಳೆಯುತ್ತದೆ, ಕತ್ತರಿಯನ್ನು ಸಹಿಸುತ್ತದೆ, ಪೂಜೆಗೆ ಹೂವೂ ತಪ್ಪುವುದಿಲ್ಲ. ಕಾಮಿನಿಯ ಎಲೆ ಸಣ್ಣದು, ಹೊಳಪುಳ್ಳದ್ದು; ಮಳೆ ಬಿದ್ದ ಮೇಲೆ ಇಡೀ ಗಿಡ ಒಟ್ಟಿಗೆ ಬೆಳ್ಳಗೆ ಹೂಬಿಟ್ಟು ಸಂಜೆಯ ಹೊತ್ತಿಗೆ ಬೀದಿಯೆಲ್ಲ ಘಮಗುಡುತ್ತದೆ. ಆದರೆ ನಿಂಬೆ, ಮೂಸಂಬಿ, ಕಿತ್ತಳೆ ತೋಟದ ಆಸುಪಾಸಿನಲ್ಲಿ ಕಾಮಿನಿ ಬೇಡ. ನಿಂಬೆ ಜಾತಿಗೆ ಹಸಿರು ರೋಗವನ್ನು ಹರಡುವ ಸಿಲ್ಲಿಡ್ ಕೀಟ ಕಾಮಿನಿಯ ಚಿಗುರಿನಲ್ಲಿಯೂ ಮೊಟ್ಟೆಯಿಟ್ಟು ಸಂತಾನ ಬೆಳೆಸುತ್ತದೆ.

ಹೂವಿಗಿಂತ ಎಲೆಯ ಬಣ್ಣ ಬೇಕೆನ್ನುವವರಿಗೆ ಕ್ರೋಟನ್ ಮತ್ತು ಅಕಲಿಫಾ ಇವೆ. ಕ್ರೋಟನ್ನಿನ ಹಳದಿ, ಕೆಂಪು ಛಾಯೆಗಳು ಒಳ್ಳೆಯ ಬೆಳಕಿದ್ದರೆ ಮಾತ್ರ ಮೂಡುತ್ತವೆ. ದಟ್ಟ ನೆರಳಿನಲ್ಲಿಟ್ಟರೆ ಕ್ರಮೇಣ ಹಸಿರಿಗೆ ತಿರುಗುತ್ತವೆ. ಕಣಗಿಲೆ ಹೆದ್ದಾರಿಯ ನಡುವಿನ ವಿಭಜಕದಲ್ಲಿ, ಹೊಗೆ ಮತ್ತು ಕಾವಿನ ನಡುವೆ ಬೆಳೆಯುವಷ್ಟು ಗಟ್ಟಿ ಗಿಡ. ಆದರೆ ಅದರ ಎಲೆ, ಕಾಂಡ, ಹೂ, ಹಾಲು ಎಲ್ಲವೂ ವಿಷ. ಚಿಕ್ಕ ಮಕ್ಕಳಿರುವ ಮನೆಯಲ್ಲಿ, ದನಕರು ಮೇಯುವ ಕಡೆ ಅದನ್ನು ನೆಡಬಾರದು, ಕತ್ತರಿಸಿದ ಕೊಂಬೆಯನ್ನು ಬೀದಿಬದಿಗೆ ಎಸೆಯಲೂಬಾರದು.

ಮರಕ್ಕೆ ಜಾಗವಿದ್ದರೆ ನಾನು ಮೊದಲು ಸೂಚಿಸುವುದು ರಂಜಲವನ್ನು, ಅಂದರೆ ಬಕುಳವನ್ನು. ನಿಧಾನವಾಗಿ ಬೆಳೆಯುತ್ತದೆ ಎಂಬುದು ಅದರ ಮೇಲಿನ ದೂರು. ಸಣ್ಣ ಅಂಗಳಕ್ಕೆ ಅದೇ ಅದರ ಗುಣ. ದುಂಡಗಿನ, ದಟ್ಟ ನೆರಳಿನ ಚಪ್ಪರ ತಾನಾಗಿಯೇ ಮೂಡುತ್ತದೆ, ಬೇರೂರಿದ ಮೇಲೆ ಬರವನ್ನು ತಾಳುತ್ತದೆ, ನಸುಕಿನಲ್ಲಿ ಉದುರಿದ ಪುಟ್ಟ ಹೂಗಳು ಒಣಗಿದ ಮೇಲೂ ಪರಿಮಳ ಬಿಡುವುದಿಲ್ಲ. ಸಂಪಿಗೆ ಇನ್ನೂ ಎತ್ತರಕ್ಕೆ ಹೋಗುವ ಮರ. ಅದಕ್ಕೆ ನೀರು ಬಸಿಯುವ ಫಲವತ್ತಾದ ಮಣ್ಣು ಬೇಕು, ನಿಂತ ನೀರನ್ನು ಅದು ಒಂದು ಮಳೆಗಾಲವೂ ಸಹಿಸುವುದಿಲ್ಲ. ಬೀಜದ ಸಸಿ ಹೂಬಿಡಲು ಹಲವು ವರ್ಷ ಕಾಯಿಸುತ್ತದೆ, ಕಸಿ ಸಸಿ ಎರಡು ಮೂರು ವರ್ಷಗಳಲ್ಲೇ ಹೂ ಕೊಡತೊಡಗುತ್ತದೆ. ನಾಗಸಂಪಿಗೆ ತಾಳ್ಮೆಯುಳ್ಳವರ ಮರ. ಕರಾವಳಿಯ ಉಪ್ಪುಗಾಳಿಗೆ ಸುರಹೊನ್ನೆಯಷ್ಟು ಹೊಂದುವ ಅಲಂಕಾರಿಕ ಮರ ಇನ್ನೊಂದು ಸಿಗುವುದು ಕಷ್ಟ.

ಅಶೋಕ ಕೊಳ್ಳುವಾಗ ಎಚ್ಚರ ಬೇಕು. ನರ್ಸರಿಗಳಲ್ಲಿ ಅಶೋಕ ಎಂದು ಕೇಳಿದರೆ ಕಂಬದ ಹಾಗೆ ನೆಟ್ಟಗೆ ಬೆಳೆಯುವ, ಎಲೆಯ ಅಂಚು ಅಲೆಅಲೆಯಾಗಿರುವ ಮರವನ್ನು ಕೊಡುತ್ತಾರೆ. ಕಾಂಪೌಂಡಿನ ಉದ್ದಕ್ಕೂ ಮರೆಯಾಗಿ ಬೆಳೆಸಲು ಅದು ತಕ್ಕದ್ದೇ. ಕಿತ್ತಳೆ ಬಣ್ಣದಿಂದ ಕೆಂಪಿಗೆ ತಿರುಗುವ ಗೊಂಚಲು ಹೂಗಳ ಮರ ಬೇಕಾದವರು ಸೀತಾ ಅಶೋಕ ಎಂದು ಸ್ಪಷ್ಟವಾಗಿ ಕೇಳಬೇಕು. ಅದು ಪಶ್ಚಿಮಘಟ್ಟದ ತಂಪು ಕಾಡುಗಳ ಮರವಾದ್ದರಿಂದ ಎಳವೆಯಲ್ಲಿ ಅರೆನೆರಳೂ ಬಿಡದ ತೇವವೂ ಬೇಕು. ಮಲೆನಾಡಿನಲ್ಲಿ, ಬೆಂಗಳೂರು ಮೈಸೂರಿನಲ್ಲಿ ಇದನ್ನು ಚೆನ್ನಾಗಿ ಬೆಳೆಸಬಹುದು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಲ್ಲಿ ದೊಡ್ಡ ಮರದ ಆಸರೆಯಿಲ್ಲದೆ ಕಷ್ಟ. ಅದರ ಹೊಸ ಎಲೆಗಳು ತಾಮ್ರದ ಬಣ್ಣದಲ್ಲಿ, ಜೀವವಿಲ್ಲದಂತೆ ಜೋತುಬಿದ್ದು ಮೂಡುತ್ತವೆ. ಗಿಡ ಬಾಡಿತೆಂದು ಗಾಬರಿಯಾಗಿ ನೀರು ಸುರಿಯುವವರಿದ್ದಾರೆ. ಹಾಗೆ ಮಾಡುವ ಅಗತ್ಯವಿಲ್ಲ, ಎಲೆ ಬಲಿತಂತೆ ತಾನೇ ನೆಟ್ಟಗಾಗಿ ಹಸಿರಾಗುತ್ತದೆ.

ಬೇಡವೆಂದು ಹೇಳಬೇಕಾದವೂ ಇವೆ. ಫೈಕಸ್ ಬೆಂಜಮಿನಾ ಕುಂಡದಲ್ಲಿ ಸೊಗಸು. ನೆಲಕ್ಕಿಳಿದರೆ ಅದರ ಬೇರು ನೀರಿನ ಪೈಪು, ಸಂಪು, ಕಾಂಪೌಂಡುಗಳನ್ನು ಹುಡುಕಿಕೊಂಡು ಹೋಗುತ್ತದೆ. ಬೇಗ ಹಸಿರು ಗೋಡೆಯಾಗುತ್ತದೆಂದು ಎಲ್ಲೆಡೆ ನೆಟ್ಟ ಕೊನೊಕಾರ್ಪಸ್ ಅನ್ನು ಗುಜರಾತ್ ಸರ್ಕಾರ 2023ರಲ್ಲಿ ನಿಷೇಧಿಸಿತು; ನಾವೂ ಅದರಿಂದ ದೂರವಿರುವುದು ಲೇಸು. ಕ್ರಿಸ್‌ಮಸ್ ಮರವೆಂದು ಡಿಸೆಂಬರಿನಲ್ಲಿ ಕುಂಡದಲ್ಲಿ ಕೊಂಡ ಅರಾಕೇರಿಯಾವನ್ನು ಜನವರಿಯಲ್ಲಿ ಮನೆಯ ಮುಂದೆ ನೆಲಕ್ಕೆ ನೆಡುವವರು ಒಮ್ಮೆ ಲಾಲ್‌ಬಾಗಿಗೆ ಹೋಗಿ, ಅಲ್ಲಿ ಮುಗಿಲೆತ್ತರಕ್ಕೆ ನಿಂತಿರುವ ಅರಾಕೇರಿಯಾಗಳನ್ನು ಕತ್ತೆತ್ತಿ ನೋಡಿ ಬಂದು ತೀರ್ಮಾನಿಸಬೇಕು.

ನರ್ಸರಿಯಲ್ಲಿ ಸಸಿ ಆರಿಸುವುದು

ಎತ್ತರದ ಸಸಿ ಒಳ್ಳೆಯ ಸಸಿಯೆಂಬ ನಂಬಿಕೆ ತಪ್ಪು. ಚಿಕ್ಕ ಚೀಲದಲ್ಲಿ ಐದಡಿ ಎತ್ತರಕ್ಕೆ ಬೆಳೆದ ಸಸಿಯ ಬೇರು ಚೀಲದ ಒಳಗೋಡೆಯ ಸುತ್ತ ಸುರುಳಿ ಸುತ್ತಿರುತ್ತದೆ. ಅಂಥದ್ದನ್ನು ಹಾಗೆಯೇ ನೆಟ್ಟರೆ ಸುತ್ತುವ ಬೇರು ಸುತ್ತುತ್ತಲೇ ದಪ್ಪವಾಗಿ, ಕೆಲವು ವರ್ಷಗಳ ಮೇಲೆ ಕಾಂಡದ ಬುಡವನ್ನೇ ಬಿಗಿಯುತ್ತದೆ. ಚೆನ್ನಾಗಿ ಕಾಣುತ್ತಿದ್ದ ಮರ ಒಂದು ಗಾಳಿಮಳೆಗೆ ಬುಡಸಮೇತ ಉರುಳುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಚೀಲವನ್ನು ಎತ್ತಿ ತಳವನ್ನು ನೋಡಿ. ದಪ್ಪ ಬೇರು ತೂತಿನಿಂದ ಹೊರಬಂದು ನರ್ಸರಿಯ ನೆಲಕ್ಕೆ ಇಳಿದಿದ್ದರೆ, ಕೀಳುವಾಗ ಅದು ಹರಿಯುತ್ತದೆ, ಬೇರೆ ಸಸಿ ನೋಡಿ. ಎರಡರಿಂದ ಮೂರು ಅಡಿ ಎತ್ತರದ, ಬುಡ ಗಟ್ಟಿಯಾದ, ಕಟ್ಟಿದ ಕೋಲನ್ನು ಬಿಚ್ಚಿದರೂ ತಾನೇ ನಿಲ್ಲುವ ಸಸಿ ಸಾಕು. ಎಲೆಯ ಅಡಿಭಾಗವನ್ನು ತಿರುಗಿಸಿ ಬಿಳಿ ಹಿಟ್ಟಿನಂಥ ಕೀಟವಿದೆಯೇ ಎಂದು ನೋಡುವುದನ್ನು ಮರೆಯಬಾರದು, ಏಕೆಂದರೆ ತೋಟಕ್ಕೆ ಹಿಟ್ಟು ತಿಗಣೆ ಹೆಚ್ಚಾಗಿ ಬರುವುದು ಹೀಗೆ ಕೊಂಡುತಂದ ಗಿಡದ ಜೊತೆಯಲ್ಲಿಯೇ.

ನೆಡುವ ಕಾಲ ಮತ್ತು ಕ್ರಮ

ದಕ್ಷಿಣ ಒಳನಾಡಿನಲ್ಲಿ ಜೂನ್ ಮತ್ತು ಜುಲೈ ಅತ್ಯುತ್ತಮ ಕಾಲ, ಏಕೆಂದರೆ ಆಗ ನೆಟ್ಟ ಗಿಡಕ್ಕೆ ಸೆಪ್ಟೆಂಬರ್ ಅಕ್ಟೋಬರಿನ ಮಳೆಯೂ ಸಿಕ್ಕಿ, ಬೇಸಿಗೆ ಬರುವ ಹೊತ್ತಿಗೆ ಏಳೆಂಟು ತಿಂಗಳು ಬೇರು ಬಿಡಲು ಅವಕಾಶವಾಗುತ್ತದೆ. ಕರಾವಳಿಯಲ್ಲಿ ಜುಲೈ ತಿಂಗಳ ಬಿರುಮಳೆ ಗುಂಡಿಯನ್ನೇ ಹೊಂಡ ಮಾಡುವುದರಿಂದ ಜೂನ್ ಆರಂಭದಲ್ಲಿ, ಇಲ್ಲವೇ ಮಳೆಯ ರಭಸ ಇಳಿದ ಆಗಸ್ಟ್ ಕೊನೆಯಲ್ಲಿ ನೆಡುವುದು ಒಳ್ಳೆಯದು. ಗುಂಡಿಯನ್ನು ಮಾತ್ರ ಮೇ ತಿಂಗಳಲ್ಲಿಯೇ ತೋಡಿ ಬಿಸಿಲಿಗೆ ಬಿಡಬೇಕು.

ಪೊದೆಗಿಡಕ್ಕೆ ಉದ್ದ, ಅಗಲ, ಆಳ ಒಂದೂವರೆ ಅಡಿ; ಮರಕ್ಕೆ ಮೂರು ಅಡಿ. ತೋಡುವಾಗ ಮೇಲ್ಮಣ್ಣನ್ನು ಒಂದು ಬದಿಗೆ, ಅಡಿಯ ಮಣ್ಣನ್ನು ಇನ್ನೊಂದು ಬದಿಗೆ ಹಾಕಿಕೊಂಡರೆ ತುಂಬುವಾಗ ಅನುಕೂಲ. ಮೇಲ್ಮಣ್ಣು ಎರಡು ಪಾಲು, ಕಳಿತ ಗೊಬ್ಬರ ಒಂದು ಪಾಲು, ಗೆದ್ದಲಿನ ಕಾಟವಿರುವ ಕಡೆ ಎರಡು ಹಿಡಿ ಬೇವಿನ ಹಿಂಡಿ ಇಷ್ಟನ್ನು ಬೆರೆಸಿ ತುಂಬಿ, ಒಂದೆರಡು ಮಳೆಗೆ ಅದು ಕೂರಲು ಬಿಡಬೇಕು. ಹಸಿ ಸಗಣಿ ಎಂದಿಗೂ ಬೇಡ. ಅದು ಗುಂಡಿಯೊಳಗೆ ಕಾವು ಏರಿ ಬೇರನ್ನು ಸುಡುತ್ತದೆ, ಗೊಣ್ಣೆಹುಳುವನ್ನೂ ಕರೆತರುತ್ತದೆ.

ನೆಡುವ ದಿನ ಸಸಿಗೆ ನೀರು ಹಾಕಿ, ಚೀಲವನ್ನು ಬ್ಲೇಡಿನಿಂದ ಸೀಳಿ ತೆಗೆಯಬೇಕು. ಚೀಲದೊಂದಿಗೇ ಹೂಳುವ ಗುತ್ತಿಗೆ ಮಾಲಿಗಳನ್ನು ಈಗಲೂ ಕಾಣಬಹುದು, ಆದ್ದರಿಂದ ಎದುರಿಗೆ ನಿಂತು ಮಾಡಿಸುವುದು ಕ್ಷೇಮ. ಸುತ್ತಿಕೊಂಡ ಬೇರುಗಳಿದ್ದರೆ ಬೆರಳಿನಿಂದ ಬಿಡಿಸಿ, ಬಿಡಿಸಲಾಗದಷ್ಟು ದಪ್ಪವಾದವನ್ನು ಕತ್ತರಿಸಬೇಕು. ಕಾಂಡ ಬೇರಾಗಿ ಕವಲೊಡೆಯುವ ಬುಡ ನೆಲದ ಮಟ್ಟಕ್ಕೆ ಸರಿಯಾಗಿ ಕೂರಬೇಕು. ಗಟ್ಟಿಯಾಗಿ ನಿಲ್ಲಲೆಂದು ಅರ್ಧ ಅಡಿ ಕಾಂಡವನ್ನು ಮಣ್ಣಿನಲ್ಲಿ ಮುಚ್ಚಿದರೆ ತೊಗಟೆ ಕೊಳೆಯುತ್ತದೆ. ಕಸಿ ಸಸಿಯಾದರೆ ಕಸಿ ಕಟ್ಟಿದ ಗಂಟು ಮಣ್ಣಿಗಿಂತ ಮೇಲಿರಬೇಕು. ಕೋಲನ್ನು ಗಾಳಿ ಬೀಸುವ ಬದಿಗೆ ನೆಟ್ಟು, ಹಳೆಯ ಸೀರೆಯ ಅಂಚಿನಿಂದ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ, ವರ್ಷದೊಳಗೆ ಬಿಚ್ಚಬೇಕು.

ಅಂತರವನ್ನು ಗಿಡದ ಇಂದಿನ ಗಾತ್ರ ನೋಡಿ ನಿರ್ಧರಿಸಬಾರದು. ಬೇಲಿಯಂತೆ ಬೆಳೆಸುವ ಕಾಮಿನಿಗೆ ಒಂದೂವರೆ ಅಡಿ, ಬಿಡಿಯಾಗಿ ನಿಲ್ಲುವ ಪೊದೆಗೆ ನಾಲ್ಕರಿಂದ ಐದು ಅಡಿ, ರಂಜಲಕ್ಕೆ ಗೋಡೆಯಿಂದ ಹತ್ತು ಹನ್ನೆರಡು ಅಡಿ, ಸಂಪಿಗೆಗೆ ಹದಿನೈದಕ್ಕೆ ಕಡಿಮೆಯಿಲ್ಲದ ಅಂತರ ಬೇಕು. ಮೇಲೆ ವಿದ್ಯುತ್ ತಂತಿ ಹಾದುಹೋಗಿದ್ದರೆ ಆ ಜಾಗಕ್ಕೆ ಮರವೇ ಬೇಡ.

ನೀರು ಮತ್ತು ಹೊದಿಕೆ

ದಿನವೂ ಸಂಜೆ ಪೈಪು ಹಿಡಿದು ಎಲೆ ತೊಳೆದು, ಮಣ್ಣು ಕಪ್ಪಾಗುವಷ್ಟು ನೀರು ಚಿಮುಕಿಸುವುದು ನಮ್ಮ ಮನೆಗಳ ರೂಢಿ. ಈ ನೀರು ಎರಡು ಇಂಚಿಗಿಂತ ಕೆಳಗೆ ಇಳಿಯುವುದಿಲ್ಲ; ನೀರಿದ್ದಲ್ಲೇ ಬೇರೂ ಇರುವುದರಿಂದ ಗಿಡ ಮೇಲ್ಮಣ್ಣಿನಲ್ಲಿಯೇ ಬೇರು ಹರಡುತ್ತದೆ. ಮನೆಯವರು ಏಪ್ರಿಲ್ ರಜೆಗೆ ವಾರ ಊರಿಗೆ ಹೋದರೆ ಮೊದಲು ಒಣಗುವುದು ಆ ಮೇಲ್ಮಣ್ಣೇ. ನೆಟ್ಟ ಮೊದಲ ಹದಿನೈದು ದಿನ ಮಳೆಯಿಲ್ಲದಾಗ ದಿನಬಿಟ್ಟು ದಿನ ನೀರು ಕೊಟ್ಟು, ಆಮೇಲೆ ಅಂತರವನ್ನು ಹೆಚ್ಚಿಸುತ್ತ, ಪ್ರತಿ ಸಲದ ಪ್ರಮಾಣವನ್ನೂ ಹೆಚ್ಚಿಸುತ್ತ ಹೋಗಬೇಕು. ಮೊದಲ ಬೇಸಿಗೆಯಲ್ಲಿ ಪೊದೆಗಿಡಕ್ಕೆ ಮೂರು ದಿನಕ್ಕೊಮ್ಮೆ ಏಳೆಂಟು ಲೀಟರ್, ಮರದ ಸಸಿಗೆ ವಾರಕ್ಕೆ ಎರಡು ಸಲ ಹದಿನೈದರಿಂದ ಇಪ್ಪತ್ತು ಲೀಟರ್ ಕೆಂಪು ಮಣ್ಣಿನಲ್ಲಿ ಸರಿಹೋಗುತ್ತದೆ. ಎರೆ ಮಣ್ಣಿನಲ್ಲಿ ಈ ಅಂತರವನ್ನು ಇನ್ನೂ ಹಿಗ್ಗಿಸಬಹುದು. ಕೋಲೊಂದನ್ನು ನಾಲ್ಕೈದು ಇಂಚು ಚುಚ್ಚಿ ತೆಗೆದಾಗ ಅದಕ್ಕೆ ಮಣ್ಣು ಅಂಟಿಕೊಂಡು ಬಂದರೆ ಅಂದು ನೀರು ಬೇಡ.

ಪಾತಿಯನ್ನು ಬುಡಕ್ಕೆ ಹೊಂದಿಸಿ ಮಾಡದೆ ಕೊಂಬೆಗಳ ನೆರಳು ಬೀಳುವ ಅಂಚಿನವರೆಗೆ ವರ್ಷವರ್ಷವೂ ಹಿಗ್ಗಿಸಬೇಕು, ಏಕೆಂದರೆ ನೀರು ಹೀರುವ ಎಳೆಬೇರುಗಳು ಇರುವುದು ಅಂಚಿನಲ್ಲಿ. ನೀರಿನ ಅಭಾವವಿದ್ದರೆ ಸಸಿಯಿಂದ ಒಂದಡಿ ದೂರದಲ್ಲಿ ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತು, ನೀರು ತುಂಬಿ, ಮುಚ್ಚಳವಿಟ್ಟರೆ ಅದು ನಿಧಾನವಾಗಿ ಜಿನುಗುತ್ತ ಬೇರನ್ನು ಕೆಳಗೆ ಸೆಳೆಯುತ್ತದೆ.

ಮಧ್ಯಾಹ್ನ ಎಲೆ ಜೋತುಬಿದ್ದು ಸಂಜೆಗೆ ಚೇತರಿಸಿಕೊಂಡರೆ ಅದು ಬಿಸಿಲಿನ ಪ್ರಭಾವ ಮಾತ್ರ. ಬೆಳಗಿನ ಆರು ಗಂಟೆಗೂ ಜೋತಿದ್ದರೆ ನೀರು ಸಾಲದು ಅಥವಾ ಬೇರು ಕೊಳೆಯುತ್ತಿದೆ. ಯಾವುದೆಂದು ತಿಳಿಯಲು ಮಣ್ಣನ್ನು ಕೆದಕಿ ನೋಡದೆ ನೀರು ಹಾಕಬಾರದು.

ಬುಡದ ಸುತ್ತ ತರಗೆಲೆ, ತೆಂಗಿನ ಸಿಪ್ಪೆ, ಒಣಹುಲ್ಲನ್ನು ಮೂರು ಇಂಚು ದಪ್ಪಕ್ಕೆ ಹರಡಿ, ಕಾಂಡದಿಂದ ನಾಲ್ಕು ಬೆರಳು ದೂರ ಬಿಡಬೇಕು. ನಿತ್ಯಹಸಿರು ಮರವೇ ತನ್ನ ಹೊದಿಕೆಯನ್ನು ಉದುರಿಸಿಕೊಡುತ್ತದೆ. ಅದನ್ನು ಬೆಳಗ್ಗೆ ಗುಡಿಸಿ ಸುಡುವ ಅಭ್ಯಾಸವನ್ನು ಬಿಟ್ಟರಾಯಿತು. ಮೊದಲ ಬೇಸಿಗೆಗೆ ಸಸಿಯ ಪಶ್ಚಿಮ ಬದಿಯಲ್ಲಿ ಎರಡು ತೆಂಗಿನ ಗರಿಗಳನ್ನು ನೆಟ್ಟರೆ ನೆರಳುಬಲೆಯ ಖರ್ಚಿಲ್ಲದೆ ಕೆಲಸವಾಗುತ್ತದೆ.

ಕತ್ತರಿ ಹಾಕುವುದು

ಕೇಪಳದ ಹೂಗೊಂಚಲು ಮೂಡುವುದು ಹೊಸ ಕೊಂಬೆಯ ತುದಿಯಲ್ಲಿ. ತಿಂಗಳಿಗೊಮ್ಮೆ ಬೇಲಿ ಕತ್ತರಿಯಿಂದ ಮಟ್ಟ ಮಾಡಿದರೆ ಆ ತುದಿಗಳೇ ಹೋಗುತ್ತವೆ. ಗಿಡ ಚೆಂಡಿನಂತೆ ದುಂಡಗಿರುತ್ತದೆ, ಹೂ ಮಾತ್ರ ಇರುವುದಿಲ್ಲ. ಒಂದು ಸುತ್ತು ಹೂ ಮುಗಿದ ಮೇಲೆ ಬಾಡಿದ ಗೊಂಚಲನ್ನು ಎರಡು ಜೊತೆ ಎಲೆಗಳೊಂದಿಗೆ ಕತ್ತರಿಸಿ ಬಿಡುವುದೇ ಸಾಕಾದ ಸವರಿಕೆ. ಬೇಲಿಯಾಗಿ ಬೆಳೆಸಿದ ಗಿಡಗಳನ್ನು ಮಾತ್ರ ನಿಯಮಿತವಾಗಿ ಕತ್ತರಿಸಬೇಕು, ಮತ್ತು ಬೇಲಿ ಬುಡದಲ್ಲಿ ಅಗಲವಾಗಿ ಮೇಲೆ ಕಿರಿದಾಗಿರಬೇಕು. ಮೇಲೆ ಅಗಲವಾದರೆ ಕೆಳಗಿನ ಎಲೆಗೆ ಬೆಳಕು ಸಿಗದೆ ಬುಡ ಬೋಳಾಗುತ್ತದೆ. ದೊಡ್ಡ ಕತ್ತರಿಕೆಯನ್ನು ಜೂನ್ ಅಥವಾ ಅಕ್ಟೋಬರಿಗೆ ಇಟ್ಟುಕೊಳ್ಳಿ. ಏಪ್ರಿಲಿನಲ್ಲಿ ಕತ್ತರಿಸಿದರೆ ಅದುವರೆಗೆ ಎಲೆಯ ಮರೆಯಲ್ಲಿದ್ದ ಒಳಕೊಂಬೆಗಳ ತೊಗಟೆ ಬಿಸಿಲಿಗೆ ಸುಟ್ಟು ಬಿರಿಯುತ್ತದೆ. ಶಂಕುವಿನಾಕಾರದ ಅಲಂಕಾರಿಕ ಗಿಡವಾದ ಥೂಜಾವನ್ನು ಯಾವ ಕಾಲದಲ್ಲೂ ಎಲೆಯಿಲ್ಲದ ಹಳೆಯ ಕೊಂಬೆಯವರೆಗೆ ಕತ್ತರಿಸಬಾರದು. ಅಲ್ಲಿಂದ ಅದು ಮತ್ತೆ ಚಿಗುರುವುದಿಲ್ಲ.

ಮರಗಳಿಗೆ ಮೊದಲ ಮೂರು ವರ್ಷ ಒಂದೇ ನಡುಕಾಂಡ ಉಳಿಯುವಂತೆ ನೋಡಿಕೊಂಡು, ಪೈಪೋಟಿಗೆ ಬಿದ್ದ ಇನ್ನೊಂದನ್ನು ತೆಗೆಯಬೇಕು. ತಲೆ ಕಡಿಯುವುದು ಸಲ್ಲದು.

ಹಳದಿಯಾಗುವ ಕೇಪಳ

ಕೇಪಳದ ಹೊಸ ಎಲೆಗಳನ್ನು ಕೈಯಲ್ಲಿ ಹಿಡಿದು ನೋಡಿದಾಗ ನರಗಳು ಮಾತ್ರ ಹಸಿರಾಗಿದ್ದು ನಡುವಿನ ಭಾಗ ತಿಳಿಹಳದಿಯಾಗಿದ್ದರೆ, ಕೆಳಗಿನ ಹಳೆಯ ಎಲೆಗಳು ಹಸಿರಾಗಿಯೇ ಇದ್ದರೆ, ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇದ್ದೀತು; ಸಿಮೆಂಟಿನ ಸುಣ್ಣದಿಂದಲೋ ಬೋರ್‌ವೆಲ್ಲಿನ ಗಡಸು ನೀರಿನಿಂದಲೋ ಮಣ್ಣು ಕ್ಷಾರವಾಗಿ, ಗಿಡಕ್ಕೆ ಅದನ್ನು ಹೀರಲಾಗುತ್ತಿಲ್ಲ. ಇದಕ್ಕೆ ಯೂರಿಯಾ ಹಾಕಿದರೆ ಪ್ರಯೋಜನವಿಲ್ಲ. ಲೀಟರಿಗೆ 2 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ ಸಂಜೆ ಎಲೆಗಳಿಗೆ ಸಿಂಪಡಿಸಿ, ಎರಡು ವಾರದ ಮೇಲೆ ಮತ್ತೊಮ್ಮೆ ಸಿಂಪಡಿಸಿದರೆ ಬಣ್ಣ ಮರಳುತ್ತದೆ. ಗೋಡೆ ಮತ್ತು ಟೈಲಿನ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲವೆಂಬುದು ನೆನಪಿರಲಿ. ಇದು ತಾತ್ಕಾಲಿಕ ಉಪಾಯ. ಬುಡದ ಗಾರೆಚೂರು ತೆಗೆದು, ಎಲೆಗೊಬ್ಬರ ತುಂಬಿ, ಸಾಧ್ಯವಾದಷ್ಟು ಮಳೆನೀರು ಕೊಡುವುದು ಶಾಶ್ವತ ಉಪಾಯ.

ಉಳಿದಂತೆ ಜೂನ್ ಮತ್ತು ಅಕ್ಟೋಬರಿನಲ್ಲಿ ಪೊದೆಗೆ ಒಂದು ಬುಟ್ಟಿ, ಮರಕ್ಕೆ ಎರಡು ಮೂರು ಬುಟ್ಟಿ ಕಳಿತ ಗೊಬ್ಬರ ಕೊಟ್ಟರೆ ಬೇರೆ ಪೋಷಣೆ ಹೆಚ್ಚಾಗಿ ಬೇಕಾಗುವುದಿಲ್ಲ.

ಕೀಟಗಳು

ಎಲೆಯ ಮೇಲೆ ಮಸಿ ಬಳಿದಂತೆ ಕಪ್ಪು ಬೂಷ್ಟು ಕಂಡರೆ ಅದನ್ನು ಒರೆಸುವುದರಲ್ಲಿ ಅರ್ಥವಿಲ್ಲ. ಹಿಟ್ಟು ತಿಗಣೆ ಅಥವಾ ಚಿಪ್ಪಿನಂತೆ ಅಂಟಿಕೊಂಡಿರುವ ಶಲ್ಕ ಕೀಟ ಸುರಿಸುವ ಸಿಹಿ ಅಂಟಿನ ಮೇಲೆ ಬೆಳೆಯುವ ಬೂಷ್ಟು ಅದು. ಇರುವೆಗಳ ಸಾಲು ಹಿಡಿದು ಹೋದರೆ ಕೀಟ ಸಿಗುತ್ತದೆ. ರಭಸದ ನೀರಿನಿಂದ ತೊಳೆದು, ಹೆಚ್ಚು ಮುತ್ತಿದ ತುದಿಗಳನ್ನು ಕತ್ತರಿಸಿ, ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆಯನ್ನು ತುಸು ಸೋಪಿನ ದ್ರಾವಣದೊಂದಿಗೆ ಕದಡಿ ಸಂಜೆಯ ಹೊತ್ತು ವಾರಕ್ಕೊಮ್ಮೆ ಮೂರು ಸಲ ಸಿಂಪಡಿಸಬೇಕು. ನಂದಿಬಟ್ಟಲಿನ ಎಲೆಗಳು ಒಂದೆರಡು ರಾತ್ರಿಗಳಲ್ಲಿ ಮಾಯವಾಗುತ್ತಿದ್ದರೆ, ತಲೆಯ ಹಿಂದೆ ಕಣ್ಣಿನಂಥ ಎರಡು ನೀಲಿ ಗುರುತುಗಳಿರುವ ದಪ್ಪ ಹಸಿರು ಕಂಬಳಿಹುಳುವನ್ನು ಹುಡುಕಿ. ಕಣಗಿಲೆಯ ಮೇಲೂ ಅದೇ ಇರುತ್ತದೆ. ನಾಲ್ಕೈದು ಹುಳುಗಳನ್ನು ಕೈಯಿಂದ ಆರಿಸಿ ತೆಗೆದರೆ ತೀರಿತು, ಔಷಧಿ ಬೇಡ. ಕಂಬದ ಅಶೋಕದ ಎಲೆ ತಿನ್ನುವ ಹುಳುಗಳಲ್ಲಿ ಹಲವು, ಹಸಿರು ಚುಕ್ಕೆಗಳ ಕಪ್ಪು ಚಿಟ್ಟೆಯ ಮರಿಗಳು. ಮರಕ್ಕೆ ಅವುಗಳಿಂದ ಗಣನೀಯ ನಷ್ಟವಿಲ್ಲ, ಬಿಟ್ಟುಬಿಡಬಹುದು.

ಮರ ದೊಡ್ಡದಾದ ಮೇಲೆ

ಬೆಳೆದ ಮರದ ಬುಡದವರೆಗೆ ಟೈಲು, ಕಾಂಕ್ರೀಟು ಹಾಸಬಾರದು. ಸುತ್ತ ಕನಿಷ್ಠ ನಾಲ್ಕಡಿ ಚೌಕದ ಮಣ್ಣು ತೆರೆದಿರಬೇಕು. ಮರ ನಮ್ಮ ಅಂಗಳದಲ್ಲೇ ಇದ್ದರೂ, ನಾವೇ ನೆಟ್ಟದ್ದಾದರೂ, ಅದನ್ನು ಕಡಿಯುವುದು ಪೂರ್ತಿ ನಮ್ಮ ಇಚ್ಛೆಗೆ ಬಿಟ್ಟ ವಿಷಯವಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟು ಉಳಿದ ಮರಗಳನ್ನು ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಪಡೆಯಬೇಕು. ಸೂರಿಗೆ ಬಾಗಿದ ದೊಡ್ಡ ಕೊಂಬೆಯನ್ನು ತೆಗೆಸಬೇಕಾದರೂ ಮಳೆಗಾಲಕ್ಕೆ ಎರಡು ತಿಂಗಳು ಮೊದಲೇ ಅರ್ಜಿ ಕೊಟ್ಟಿಟ್ಟರೆ ಸ್ಥಳ ಪರಿಶೀಲನೆಗೂ ಕೆಲಸದವರನ್ನು ಹೊಂದಿಸುವುದಕ್ಕೂ ಸಮಯ ಸಿಗುತ್ತದೆ.